ಬೇಯೂ ಕಾರ್ನ್ ಕುಸಿತ: ನೆಲದಡಿಯ ಅನಿಲಕ್ಕೆ ನಾಲ್ಕು ವರ್ಷಗಳ ಕಾವಲು

ಅಮೆರಿಕದ ಲೂಯಿಸಿಯಾನ ರಾಜ್ಯದ ಅಸಂಪ್ಷನ್ ಪ್ಯಾರಿಷ್‌ನಲ್ಲಿ (ಪ್ಯಾರಿಷ್ ಎಂದರೆ ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಬೇಯೂ ಕಾರ್ನ್ ಎಂಬ ಪುಟ್ಟ ಜನವಸತಿಯಿದೆ. 2012ರ ಬೇಸಿಗೆಯಲ್ಲಿ ಇಲ್ಲಿನ ಜಲಮಾರ್ಗಗಳಲ್ಲಿ ಗುಳ್ಳೆಗಳು ಏಳತೊಡಗಿದವು, ನೆಲ ಆಗಾಗ್ಗೆ ಕಂಪಿಸಿತು. ಆಗಸ್ಟ್ 3ರಂದು ಸಮೀಪದ ಜೌಗು ಕಾಡಿನಲ್ಲಿ ಭೂಮಿ ಕುಸಿದಿರುವುದು ಕಂಡುಬಂತು. ಅಂದೇ ಗವರ್ನರ್ ಬಾಬಿ ಜಿಂದಾಲ್ ತುರ್ತುಸ್ಥಿತಿ ಘೋಷಿಸಿದರು. ಸುಮಾರು 350 ನಿವಾಸಿಗಳಿಗೆ ಮನೆ ತೆರವು ಮಾಡುವಂತೆ ಆದೇಶ ಹೊರಟಿತು.

ಕುಸಿತಕ್ಕೆ ಕಾರಣವೇನು?

ಈ ಪ್ರದೇಶದ ಅಡಿಯಲ್ಲಿ ನೆಪೋಲಿಯನ್‌ವಿಲ್ ಎಂಬ ಬೃಹತ್ ಉಪ್ಪಿನ ಗುಮ್ಮಟವಿದೆ. ಕೊಳವೆಬಾವಿಯ ಮೂಲಕ ನೀರು ಹಾಯಿಸಿ ಉಪ್ಪನ್ನು ಕರಗಿಸಿ, ಆ ಉಪ್ಪುನೀರನ್ನು ರಾಸಾಯನಿಕ ಕಾರ್ಖಾನೆಗಳಿಗೆ ಪೂರೈಸುವುದು ಇಲ್ಲಿನ ಉದ್ಯಮ. ಟೆಕ್ಸಾಸ್ ಬ್ರೈನ್ ಕಂಪನಿ ನಿರ್ವಹಿಸುತ್ತಿದ್ದ ಗವಿಯೊಂದು ಗುಮ್ಮಟದ ಹೊರ ಅಂಚಿಗೆ ತೀರಾ ಸಮೀಪದಲ್ಲಿತ್ತು. 2011ರಲ್ಲಿ ಬಾವಿಯನ್ನು ಮುಚ್ಚಲಾಗಿತ್ತಾದರೂ ಗವಿಯ ಪಕ್ಕದ ಗೋಡೆ ಒಡೆದು, ಹೊರಗಿನ ಕಲ್ಲು ಮಣ್ಣು ಒಳಕ್ಕೆ ಜಾರಿತು. ಶಿಲಾಪದರಗಳಲ್ಲಿದ್ದ ಕಚ್ಚಾತೈಲ ಹಾಗೂ ನೈಸರ್ಗಿಕ ಅನಿಲ ಮೇಲಕ್ಕೆ ನುಗ್ಗಿದವು. ಮುಂದಿನ ವರ್ಷಗಳಲ್ಲಿ ಗುಂಡಿಯ ವಿಸ್ತೀರ್ಣ 30 ಎಕರೆಯನ್ನು ಮೀರಿತು.

ಅಪಾಯದ ಸ್ವರೂಪ

ಗುಂಡಿಗಿಂತಲೂ ಅನಿಲವೇ ಹೆಚ್ಚಿನ ಆತಂಕಕ್ಕೆ ಕಾರಣವಾಯಿತು. ಅದು ಜೇಡಿಮಣ್ಣಿನ ಕೆಳಗಿನ ಅಂತರ್ಜಲ ಪದರದಲ್ಲಿ ಸೇರಿಕೊಂಡು ಮನೆಗಳ ಅಡಿಯವರೆಗೂ ಹರಡಿತು. ಇದರ ಮುಖ್ಯಾಂಶವಾದ ಮೀಥೇನ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅಡುಗೆ ಅನಿಲಕ್ಕೆ ಬೆರೆಸುವ ಎಚ್ಚರಿಕೆಯ ವಾಸನೆಯೂ ಇದರಲ್ಲಿರುವುದಿಲ್ಲ. ಬಯಲಿನಲ್ಲಿ ಅದು ಗಾಳಿಯಲ್ಲಿ ಚದುರಿಹೋಗುತ್ತದೆ. ಆದರೆ ಮುಚ್ಚಿದ ಕೋಣೆಯಲ್ಲಿ ಅದರ ಪ್ರಮಾಣ ಶೇ. 5ರಿಂದ 15ರಷ್ಟಾದರೆ ಒಂದು ಕಿಡಿಯೂ ಸ್ಫೋಟಕ್ಕೆ ಸಾಕು.

ನಿಗಾ ಮತ್ತು ನಿಯಂತ್ರಣ

ಸೋರಿಕೆಯ ಮೂಲ ಆಳದಲ್ಲಿದ್ದುದರಿಂದ ಅದನ್ನು ಮುಚ್ಚುವುದು ಸುಲಭಸಾಧ್ಯವಿರಲಿಲ್ಲ. ಆದ್ದರಿಂದ ಅನಿಲವನ್ನು ಹೊರತೆಗೆದು ಒತ್ತಡ ಇಳಿಸುವ ಮಾರ್ಗವನ್ನು ಅನುಸರಿಸಲಾಯಿತು. ರಾಜ್ಯದ ಸಂರಕ್ಷಣಾ ಕಚೇರಿಯ ಆದೇಶದಂತೆ ಅಂತರ್ಜಲ ಪದರಕ್ಕೆ ಅನೇಕ ಬಾವಿಗಳನ್ನು ಕೊರೆದು, ಹೊರಬಂದ ಅನಿಲವನ್ನು ಬಾವಿಯ ಬಾಯಿಯಲ್ಲಿಯೇ ಸುಡಲಾಯಿತು. ಬಾವಿಗಳೊಳಗೆ ನೀರು ತುಂಬಿದಾಗ ಅನಿಲದ ಹರಿವು ಕುಗ್ಗುತ್ತಿದ್ದುದರಿಂದ ಈ ಕಾರ್ಯ ನಿಧಾನವಾಗಿ ಸಾಗಿತು.

ವೀಕ್ಷಣಾ ಬಾವಿಗಳಲ್ಲಿ ಒತ್ತಡವನ್ನು ಅಳೆಯಲಾಯಿತು. ಗುಳ್ಳೆಗಳೇಳುವ ಸ್ಥಳಗಳನ್ನು ಗುರುತಿಸಿ ಪರಿಶೀಲಿಸಲಾಯಿತು. ಮನೆಗಳಲ್ಲಿ ಅನಿಲ ಪತ್ತೆ ಯಂತ್ರಗಳನ್ನು ಇರಿಸಲಾಯಿತು. ಭೂಕಂಪಮಾಪಕಗಳು ನೆಲದಾಳದ ಚಲನೆಯನ್ನು ಸತತವಾಗಿ ದಾಖಲಿಸುತ್ತಿದ್ದವು. ಕಂಪನ ಹೆಚ್ಚಿದೊಡನೆ ಗುಂಡಿಯ ಬಳಿಯ ಕೆಲಸ ಸ್ಥಗಿತಗೊಳ್ಳುತ್ತಿತ್ತು. ತೈಲ ಹಾಗೂ ಉಪ್ಪುನೀರು ಹೊರಕ್ಕೆ ಹರಿಯದಂತೆ ಗುಂಡಿಯ ಸುತ್ತ ಮಣ್ಣಿನ ಏರಿ ನಿರ್ಮಾಣವಾಯಿತು.

ಉಳಿದದ್ದೇನು?

2014ರಲ್ಲಿ ನಿವಾಸಿಗಳ ಸಾಮೂಹಿಕ ದಾವೆ 4.81 ಕೋಟಿ ಡಾಲರ್ ಪರಿಹಾರದೊಂದಿಗೆ ರಾಜಿಯಲ್ಲಿ ಇತ್ಯರ್ಥವಾಯಿತು. ಗುಮ್ಮಟಗಳ ಅಂಚಿನಲ್ಲಿರುವ ಗವಿಗಳ ಕುರಿತ ನಿಯಮಗಳನ್ನು ರಾಜ್ಯ ಬಿಗಿಗೊಳಿಸಿತು. ತೆರವು ಆದೇಶವನ್ನು ಹಿಂತೆಗೆದುಕೊಂಡದ್ದು 2016ರ ಅಕ್ಟೋಬರ್‌ನಲ್ಲಿ. ಅಷ್ಟರಲ್ಲಿ ಬಹುತೇಕ ಕುಟುಂಬಗಳು ಮನೆಗಳನ್ನು ಕಂಪನಿಗೆ ಮಾರಿ ಊರು ತೊರೆದಿದ್ದವು. ಅನಿಲದ ಅಪಾಯ ತಗ್ಗಿತಾದರೂ ಊರು ಮೊದಲಿನಂತಾಗಲಿಲ್ಲ.