ರಸ್ತೆ ಅಪಘಾತದ ಸ್ಥಳದಲ್ಲಿ ತುರ್ತು ಸೇವಾ ಸಿಬ್ಬಂದಿಯ ಸುರಕ್ಷತೆ: ತರಬೇತಿಯ ವಿವರ ಹಾಗೂ ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ರಸ್ತೆ ಅಪಘಾತ ಸಂಭವಿಸಿದಾಗ ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್, ಹೆದ್ದಾರಿ ಗಸ್ತು ಹಾಗೂ ಟೋಯಿಂಗ್ ಸಿಬ್ಬಂದಿಯು ಸ್ಥಳಕ್ಕೆ ಧಾವಿಸಿ ಗಾಯಾಳುಗಳಿಗೆ ನೆರವಾಗುತ್ತಾರೆ. ಇವರು ಕಾರ್ಯನಿರ್ವಹಿಸುವ ಸ್ಥಳವು ವಾಹನಗಳು ವೇಗವಾಗಿ ಸಂಚರಿಸುತ್ತಿರುವ ರಸ್ತೆಯೇ ಆಗಿರುತ್ತದೆ. ಆದುದರಿಂದ ನೆರವು ನೀಡಲು ಬಂದವರೇ ಮತ್ತೊಂದು ಅಪಘಾತಕ್ಕೆ ಬಲಿಯಾಗುವ ಸಂಭವವಿರುತ್ತದೆ. ಇದನ್ನು ತಡೆಯಲು ಸಿಬ್ಬಂದಿಗೆ ನೀಡಲಾಗುವ ತರಬೇತಿಯ ಸ್ವರೂಪವನ್ನೂ, ಈ ವಿಷಯದಲ್ಲಿ ಸಾರ್ವಜನಿಕರು ಅನುಸರಿಸಬೇಕಾದ ಕ್ರಮಗಳನ್ನೂ ಈ ಪುಟದಲ್ಲಿ ವಿವರಿಸಲಾಗಿದೆ.

2. ಎರಡನೆಯ ಅಪಘಾತ ಎಂದರೇನು?

ಮೊದಲ ಅಪಘಾತದ ಕಾರಣದಿಂದ ಅದೇ ಸ್ಥಳದಲ್ಲಿ ಅಥವಾ ಅದರ ಹಿಂದೆ ನಿಂತ ವಾಹನಗಳ ಸಾಲಿನಲ್ಲಿ ಸಂಭವಿಸುವ ಅಪಘಾತವನ್ನು ಎರಡನೆಯ ಅಪಘಾತ ಎಂದು ಕರೆಯಲಾಗುತ್ತದೆ. 2023ರ ಜುಲೈ 20ರ ನಸುಕಿನಲ್ಲಿ ಅಹಮದಾಬಾದ್ ನಗರದ ಇಸ್ಕಾನ್ ಮೇಲ್ಸೇತುವೆಯ ಮೇಲೆ ನಡೆದ ಘಟನೆಯು ಇದಕ್ಕೆ ನಿದರ್ಶನವಾಗಿದೆ. ಅಲ್ಲಿ ಮೊದಲಿಗೆ ಒಂದು ವಾಹನವು ಲಾರಿಗೆ ಡಿಕ್ಕಿ ಹೊಡೆದಿತ್ತು. ಸ್ಥಳಕ್ಕೆ ಪೊಲೀಸರು ಬಂದಿದ್ದರು, ಜನರೂ ಗುಂಪುಗೂಡಿದ್ದರು. ಆಗ ಅತಿವೇಗವಾಗಿ ಬಂದ ಇನ್ನೊಂದು ಕಾರು ಆ ಗುಂಪಿನ ಮೇಲೆ ಹರಿದು 9 ಜನರು ಮೃತಪಟ್ಟರು. ಮೃತರಲ್ಲಿ ಕರ್ತವ್ಯದ ಮೇಲಿದ್ದ ಒಬ್ಬ ಪೊಲೀಸ್ ಹಾಗೂ ಒಬ್ಬ ಗೃಹರಕ್ಷಕ ಸೇರಿದ್ದರು.

ಇಂತಹ ಅಪಘಾತಕ್ಕೆ ಕಾರಣವನ್ನು ಸರಳ ಲೆಕ್ಕದಿಂದ ತಿಳಿಯಬಹುದು. ಗಂಟೆಗೆ 80 ಕಿ.ಮೀ. ವೇಗದಲ್ಲಿ ಚಲಿಸುವ ವಾಹನವು ಸೆಕೆಂಡಿಗೆ ಸುಮಾರು 22 ಮೀಟರ್ ಕ್ರಮಿಸುತ್ತದೆ. ಚಾಲಕನು ಅಪಾಯವನ್ನು ಕಂಡು ಬ್ರೇಕ್ ಒತ್ತಲು 2 ಸೆಕೆಂಡ್ ತೆಗೆದುಕೊಂಡರೆ, ಅಷ್ಟರಲ್ಲೇ 44 ಮೀಟರ್ ದೂರ ಸಾಗಿರುತ್ತದೆ. ಒಣ ರಸ್ತೆಯಲ್ಲಿ ಕಾರು ನಿಲ್ಲಲು ಇನ್ನೂ 35ರಿಂದ 40 ಮೀಟರ್ ಬೇಕಾಗುತ್ತದೆ. ಮಳೆಯಲ್ಲಿ ನೆನೆದ ರಸ್ತೆಯಲ್ಲಿ ಹಾಗೂ ಭಾರ ಹೇರಿದ ಲಾರಿಗಳಿಗೆ ಈ ದೂರವು ಮತ್ತಷ್ಟು ಹೆಚ್ಚುತ್ತದೆ. ಆದುದರಿಂದ ಅಪಘಾತ ಸ್ಥಳದಿಂದ ಹತ್ತಿಪ್ಪತ್ತು ಮೀಟರ್ ಹಿಂದೆ ಇರಿಸಿದ ಎಚ್ಚರಿಕೆಯ ಗುರುತಿನಿಂದ ಹೆದ್ದಾರಿಯಲ್ಲಿ ಪ್ರಯೋಜನವಾಗದು.

3. ತರಬೇತಿಯ ಹಿನ್ನೆಲೆ

ಈ ವಿಷಯವನ್ನು ಪ್ರತ್ಯೇಕ ಪಠ್ಯಕ್ರಮವಾಗಿ ರೂಪಿಸಿದ ದೇಶಗಳಲ್ಲಿ ಅಮೆರಿಕವು ಪ್ರಮುಖವಾದುದು. ಅಲ್ಲಿ 2007ರಲ್ಲಿ ಮೂರು ರಾಷ್ಟ್ರೀಯ ಗುರಿಗಳನ್ನು ಒಪ್ಪಿಕೊಳ್ಳಲಾಯಿತು. ಅವು ಸಿಬ್ಬಂದಿಯ ಸುರಕ್ಷತೆ, ರಸ್ತೆಯ ಸುರಕ್ಷಿತ ಹಾಗೂ ಶೀಘ್ರ ತೆರವು ಮತ್ತು ಇಲಾಖೆಗಳ ನಡುವೆ ವಿಶ್ವಾಸಾರ್ಹ ಸಂಪರ್ಕ. ಈ ಗುರಿಗಳ ಆಧಾರದ ಮೇಲೆ ಅಲ್ಲಿನ ಫೆಡರಲ್ ಹೆದ್ದಾರಿ ಆಡಳಿತವು ದೇಶವ್ಯಾಪಿ ತರಬೇತಿಯನ್ನು ನಡೆಸುತ್ತಿದೆ. ಪೊಲೀಸ್, ಅಗ್ನಿಶಾಮಕ, ವೈದ್ಯಕೀಯ ಮತ್ತು ಟೋಯಿಂಗ್ ಸಿಬ್ಬಂದಿಯನ್ನು ಒಂದೇ ತರಗತಿಯಲ್ಲಿ ಕೂರಿಸಿ ಕಲಿಸುವುದು ಇದರ ವೈಶಿಷ್ಟ್ಯ. ಸ್ಥಳದಲ್ಲಿ ಒಟ್ಟಾಗಿ ದುಡಿಯುವವರು ಒಂದೇ ಕ್ರಮವನ್ನು ಅರಿತಿರಬೇಕೆಂಬುದೇ ಇದರ ಉದ್ದೇಶವಾಗಿದೆ.

4. ತರಬೇತಿಯ ಮುಖ್ಯ ವಿಷಯಗಳು

ಅ) ವಾಹನವನ್ನು ನಿಲ್ಲಿಸುವ ಕ್ರಮ: ಮೊದಲು ತಲುಪುವ ಭಾರಿ ವಾಹನವನ್ನು, ಸಾಧ್ಯವಾದಲ್ಲಿ ಅಗ್ನಿಶಾಮಕ ವಾಹನವನ್ನು, ಅಪಘಾತ ಸ್ಥಳಕ್ಕಿಂತ ಹಿಂದೆ, ಬರುವ ವಾಹನಗಳಿಗೆ ಅಡ್ಡಲಾಗಿ ಓರೆಯಾಗಿ ನಿಲ್ಲಿಸಲಾಗುತ್ತದೆ. ಇದು ತಡೆಗೋಡೆಯಂತೆ ವರ್ತಿಸುತ್ತದೆ. ಇದರ ಮುಂದಿನ ಚಕ್ರಗಳನ್ನು ಕೆಲಸದ ಸ್ಥಳದಿಂದ ಬೇರೆ ಕಡೆಗೆ ತಿರುಗಿಸಿಡಬೇಕು. ಹಿಂದಿನಿಂದ ಡಿಕ್ಕಿಯಾದಲ್ಲಿ ವಾಹನವು ಮುಂದಕ್ಕೆ ತಳ್ಳಲ್ಪಡುವುದರಿಂದ, ಅದಕ್ಕೂ ಕೆಲಸದ ಸ್ಥಳಕ್ಕೂ ನಡುವೆ ಖಾಲಿ ಜಾಗ ಬಿಡಬೇಕು. ಆ ಜಾಗದಲ್ಲಿ ಯಾರೂ ನಿಲ್ಲತಕ್ಕದ್ದಲ್ಲ.

ಆ) ಆಂಬುಲೆನ್ಸ್‌ನ ಸ್ಥಾನ: ಆಂಬುಲೆನ್ಸ್‌ನ ಬಾಗಿಲು ಹಿಂಬದಿಗೆ ತೆರೆಯುವುದರಿಂದ, ಗಾಯಾಳುವನ್ನು ಏರಿಸುವ ಸಿಬ್ಬಂದಿಯು ಬರುವ ವಾಹನಗಳಿಗೆ ನೇರವಾಗಿ ಎದುರಾಗುತ್ತಾರೆ. ಆದ ಕಾರಣ ಆಂಬುಲೆನ್ಸ್ ಅನ್ನು ಅಪಘಾತ ಸ್ಥಳವನ್ನು ದಾಟಿ, ತಡೆ ವಾಹನದ ಮರೆಯಲ್ಲಿ ನಿಲ್ಲಿಸುವುದು ಸೂಕ್ತ.

ಇ) ವಾಹನದಿಂದ ಇಳಿಯುವುದು: ನಮ್ಮ ದೇಶದಲ್ಲಿ ಸಂಚಾರವು ರಸ್ತೆಯ ಎಡಭಾಗದಲ್ಲಿದ್ದು, ಚಾಲಕನ ಬಾಗಿಲು ಬಲಕ್ಕಿರುತ್ತದೆ. ಎಡ ಅಂಚಿನಲ್ಲಿ ನಿಂತ ವಾಹನದ ಬಲಬಾಗಿಲು ತೆರೆದುಕೊಳ್ಳುವುದು ವಾಹನಗಳು ಸಾಗುವ ಕಡೆಗೆ. ಆದುದರಿಂದ ಇತರ ಸಿಬ್ಬಂದಿಯು ಎಡಬಾಗಿಲಿನಿಂದ ಇಳಿಯಬೇಕು. ಚಾಲಕನು ಕನ್ನಡಿಯಲ್ಲಿ ಹಿಂದೆ ನೋಡಿ, ತೆರವು ಖಚಿತವಾದ ಮೇಲೆಯೇ ಇಳಿಯಬೇಕು. ಬರುವ ವಾಹನಗಳಿಗೆ ಬೆನ್ನು ಹಾಕಿ ನಿಲ್ಲಬಾರದು.

ಈ) ಎದ್ದು ಕಾಣುವ ಉಡುಪು: ಹೊಳೆಯುವ ಹಳದಿ ಅಥವಾ ಕಿತ್ತಳೆ ಬಣ್ಣವು ಹಗಲಿನಲ್ಲಿ ಮಾತ್ರ ಎದ್ದು ಕಾಣುತ್ತದೆ. ರಾತ್ರಿಯಲ್ಲಿ ವಾಹನದ ದೀಪಕ್ಕೆ ಹೊಳೆಯುವುದು ಉಡುಪಿನ ಮೇಲಿನ ಪ್ರತಿಫಲನ ಪಟ್ಟಿಗಳು. ಎರಡೂ ಇರುವ ಮೇಲಂಗಿಯನ್ನು ವಾಹನದಿಂದ ಇಳಿಯುವ ಮೊದಲೇ ಧರಿಸಬೇಕು. ಖಾಕಿ ಸಮವಸ್ತ್ರವೊಂದೇ ರಾತ್ರಿ ವೇಳೆಯಲ್ಲಿ ಸಾಲದು.

ಉ) ಎಚ್ಚರಿಕೆ ವಲಯಗಳು: ಅಪಘಾತ ಸ್ಥಳವನ್ನು ಮುನ್ನೆಚ್ಚರಿಕೆ ವಲಯ, ಪಥ ಬದಲಾಯಿಸುವ ವಲಯ, ಕೆಲಸದ ವಲಯ ಮತ್ತು ಮುಕ್ತಾಯ ವಲಯ ಎಂದು ನಾಲ್ಕಾಗಿ ವಿಂಗಡಿಸಲಾಗುತ್ತದೆ. ಕೋನ್‌ಗಳನ್ನು ಓರೆ ಸಾಲಿನಲ್ಲಿ ಇರಿಸಿ ವಾಹನಗಳನ್ನು ಕ್ರಮೇಣ ಪಕ್ಕದ ಪಥಕ್ಕೆ ಸರಿಸಬೇಕು. ತಿರುವು ಅಥವಾ ದಿಣ್ಣೆಯ ಆಚೆ ಅಪಘಾತವಾಗಿದ್ದಲ್ಲಿ, ಮೊದಲ ಎಚ್ಚರಿಕೆಯು ಅದರ ಈಚೆಗೇ ಇರಬೇಕು. ಕೆಟ್ಟು ನಿಂತ ಲಾರಿಯ ಹಿಂದೆ ಕಲ್ಲು, ಮರದ ಕೊಂಬೆಗಳನ್ನು ಇಡುವುದು ರೂಢಿಯಲ್ಲಿದೆ. ಇವು ರಾತ್ರಿ ಕಾಣುವುದಿಲ್ಲ. ಲಾರಿ ಹೋದ ಮೇಲೂ ಅಲ್ಲೇ ಉಳಿದ ಕಲ್ಲು ದ್ವಿಚಕ್ರ ವಾಹನ ಸವಾರರ ಪ್ರಾಣಕ್ಕೆ ಎರವಾಗುತ್ತದೆ.

ಊ) ದೀಪಗಳ ಬಳಕೆ: ಹೆಚ್ಚು ದೀಪಗಳು ಹೆಚ್ಚು ಸುರಕ್ಷತೆ ಎಂಬುದು ಸರಿಯಲ್ಲ. ಹಲವು ವಾಹನಗಳ ಮಿನುಗುವ ದೀಪಗಳು ಒಟ್ಟಾಗಿ ಉರಿದಾಗ ಬರುವ ಚಾಲಕನ ಕಣ್ಣು ಕೋರೈಸಿ, ರಸ್ತೆಯಲ್ಲಿ ನಿಂತ ವ್ಯಕ್ತಿಯೇ ಕಾಣದಂತಾಗುತ್ತದೆ. ಸ್ಥಳವನ್ನು ಭದ್ರಪಡಿಸಿದ ನಂತರ ಅನಗತ್ಯ ದೀಪಗಳನ್ನು, ವಿಶೇಷವಾಗಿ ಎದುರು ಸಂಚಾರಕ್ಕೆ ರಾಚುವ ಹೆಡ್‌ಲೈಟ್‌ಗಳನ್ನು ಆರಿಸಬೇಕು.

ಋ) ಅಪಾಯಕಾರಿ ಸರಕು: ಟ್ಯಾಂಕರ್ ಉರುಳಿದ್ದಲ್ಲಿ ದೂರದಿಂದಲೇ ಅದರ ಮೇಲಿನ ತುರ್ತು ಮಾಹಿತಿ ಫಲಕವನ್ನು ಓದಬೇಕು. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ಪ್ರಕಾರ ಈ ಫಲಕವು ಕಡ್ಡಾಯವಾಗಿದೆ. ಅದರಲ್ಲಿ 1203 ಎಂಬ ಸಂಖ್ಯೆಯು ಪೆಟ್ರೋಲನ್ನೂ, 1075 ಎಂಬುದು ಅಡುಗೆ ಅನಿಲವನ್ನೂ ಸೂಚಿಸುತ್ತದೆ. ಗಾಳಿ ಬೀಸಿ ಬರುವ ದಿಕ್ಕಿನಿಂದ ಮಾತ್ರ ಸಮೀಪಿಸಬೇಕು. ಅಡುಗೆ ಅನಿಲವು ಗಾಳಿಗಿಂತ ಭಾರವಾದುದರಿಂದ ಸೋರಿದಾಗ ತಗ್ಗು ಪ್ರದೇಶದಲ್ಲಿ ಹರಡಿ ನಿಲ್ಲುತ್ತದೆ.

ೠ) ಶೀಘ್ರ ತೆರವು: ರಸ್ತೆಯಲ್ಲಿ ಕಳೆಯುವ ಪ್ರತಿ ನಿಮಿಷವೂ ಅಪಾಯದ ನಿಮಿಷವೇ. ಗಾಯಾಳುಗಳ ಸಾಗಣೆ ಹಾಗೂ ಸ್ಥಳದ ಛಾಯಾಚಿತ್ರ, ಅಳತೆಗಳು ಮುಗಿದ ಕೂಡಲೇ ವಾಹನಗಳನ್ನು ತೆರವುಗೊಳಿಸಿ, ಉಳಿದ ವಿಚಾರಣೆಯನ್ನು ಸುರಕ್ಷಿತ ಜಾಗದಲ್ಲಿ ನಡೆಸಬೇಕು. ಕೋನ್‌ಗಳನ್ನು ತೆಗೆಯುವ ಕೊನೆಯ ಹಂತದಲ್ಲಿಯೂ ಮೊದಲಿನಷ್ಟೇ ಎಚ್ಚರಿಕೆ ಅಗತ್ಯ.

5. ಸಾರ್ವಜನಿಕರು ಅನುಸರಿಸಬೇಕಾದ ಕ್ರಮಗಳು

ಸಿಬ್ಬಂದಿಯು ಎಷ್ಟೇ ತರಬೇತಿ ಪಡೆದಿದ್ದರೂ ಬರುವ ವಾಹನದ ವೇಗವು ಅವರ ಕೈಯಲ್ಲಿರುವುದಿಲ್ಲ. ಅದು ಚಾಲಕನ ಕೈಯಲ್ಲಿರುತ್ತದೆ. ಆದ ಕಾರಣ,
- ಮಿನುಗುವ ದೀಪ ಅಥವಾ ಕೋನ್‌ಗಳು ಕಂಡ ಕೂಡಲೇ ವೇಗವನ್ನು ತಗ್ಗಿಸಿ, ಸಾಧ್ಯವಿದ್ದಲ್ಲಿ ಒಂದು ಪಥ ಆಚೆಗೆ ಸರಿದು ಸಾಗುವುದು.
- ನೋಡುವ ಸಲುವಾಗಿ ವಾಹನ ನಿಲ್ಲಿಸುವುದು, ಗುಂಪುಗೂಡುವುದು, ಮೊಬೈಲ್‌ನಲ್ಲಿ ಚಿತ್ರೀಕರಿಸುವುದನ್ನು ಮಾಡದಿರುವುದು.
- ನೆರವಿಗೆ ನಿಲ್ಲುವವರು ತಮ್ಮ ವಾಹನವನ್ನು ರಸ್ತೆಯಿಂದ ಪೂರ್ಣವಾಗಿ ಹೊರಗೆ ನಿಲ್ಲಿಸಿ, ಮೊದಲು 112ಕ್ಕೆ ಕರೆ ಮಾಡುವುದು.
- ಕರೆ ಮಾಡುವಾಗ ರಸ್ತೆಯ ಹೆಸರು, ಕಿಲೋಮೀಟರ್ ಕಲ್ಲಿನ ಸಂಖ್ಯೆ, ಯಾವ ಊರಿನ ಕಡೆಗೆ ಸಾಗುವ ಬದಿ ಮತ್ತು ಗಾಯಾಳುಗಳ ಸಂಖ್ಯೆಯನ್ನು ತಿಳಿಸುವುದು. ವಿಭಜಕವಿರುವ ಹೆದ್ದಾರಿಯಲ್ಲಿ ಬದಿಯನ್ನು ತಪ್ಪಾಗಿ ತಿಳಿಸಿದಲ್ಲಿ ಆಂಬುಲೆನ್ಸ್ ಬಹುದೂರ ಸುತ್ತಿ ಬರಬೇಕಾಗುತ್ತದೆ.

6. ಕಾನೂನಿನ ಅವಕಾಶಗಳು

ಮೋಟಾರು ವಾಹನಗಳ ಅಧಿನಿಯಮ, 1988ಕ್ಕೆ 2019ರಲ್ಲಿ ತಿದ್ದುಪಡಿ ಮಾಡಲಾಗಿದೆ. ಅದರ ಪ್ರಕರಣ 194ಇ ಅನ್ವಯ ಆಂಬುಲೆನ್ಸ್ ಅಥವಾ ಅಗ್ನಿಶಾಮಕ ವಾಹನ ಬಂದಾಗ ರಸ್ತೆಯ ಬದಿಗೆ ಸರಿಯದ ಚಾಲಕನಿಗೆ 6 ತಿಂಗಳವರೆಗೆ ಸೆರೆವಾಸ ಅಥವಾ 10,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ. ಪ್ರಕರಣ 134ಎ ಅನ್ವಯ ಸದುದ್ದೇಶದಿಂದ, ಸ್ವಇಚ್ಛೆಯಿಂದ ಗಾಯಾಳುವಿಗೆ ನೆರವಾದ ವ್ಯಕ್ತಿಯು, ಆ ನೆರವಿನಲ್ಲಿ ಆದ ಲೋಪದ ಕಾರಣಕ್ಕೆ ಸಿವಿಲ್ ಅಥವಾ ಕ್ರಿಮಿನಲ್ ಕ್ರಮಕ್ಕೆ ಗುರಿಯಾಗುವುದಿಲ್ಲ.

7. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಹೆದ್ದಾರಿಯಲ್ಲಿ ಸ್ವಂತ ವಾಹನ ಕೆಟ್ಟು ನಿಂತರೆ ಏನು ಮಾಡಬೇಕು?
ಉತ್ತರ: ವಾಹನವನ್ನು ಸಾಧ್ಯವಾದಷ್ಟು ಎಡಕ್ಕೆ ಸರಿಸಿ, ನಾಲ್ಕೂ ಇಂಡಿಕೇಟರ್ ದೀಪಗಳನ್ನು ಉರಿಸಿ, ಎಲ್ಲರೂ ಎಡಬಾಗಿಲಿನಿಂದ ಇಳಿದು ರಸ್ತೆಯ ತಡೆಬೇಲಿಯ ಆಚೆಗೆ ನಿಲ್ಲುವುದು. ಸುರಕ್ಷಿತವೆನಿಸಿದಲ್ಲಿ ಮಾತ್ರ ಎಚ್ಚರಿಕೆಯ ತ್ರಿಕೋನವನ್ನು ಸಾಕಷ್ಟು ಹಿಂದೆ ಇರಿಸುವುದು. ವಾಹನದ ಹಿಂದೆ ನಿಂತು ದುರಸ್ತಿ ಮಾಡಬಾರದು.

ಪ್ರಶ್ನೆ: ನೆರವು ನೀಡಿದವರು ತಮ್ಮ ಹೆಸರು, ವಿಳಾಸವನ್ನು ತಿಳಿಸಲೇಬೇಕೆ?
ಉತ್ತರ: ಇಲ್ಲ. ಹಾಗೆ ಒತ್ತಾಯಿಸಲು ಅವಕಾಶವಿರುವುದಿಲ್ಲ. ಸ್ವಇಚ್ಛೆಯಿಂದ ತಿಳಿಸಬಹುದಾಗಿದೆ.

ಪ್ರಶ್ನೆ: ಸಣ್ಣ ಡಿಕ್ಕಿಯಾಗಿ ಯಾರಿಗೂ ಗಾಯವಾಗದಿದ್ದಲ್ಲಿ?
ಉತ್ತರ: ಛಾಯಾಚಿತ್ರ ತೆಗೆದುಕೊಂಡು ವಾಹನಗಳನ್ನು ಬದಿಗೆ ಸರಿಸುವುದು. ರಸ್ತೆಯ ನಡುವೆ ನಿಂತು ವಾಗ್ವಾದ ಮಾಡುವುದು ಪ್ರಾಣಾಪಾಯಕ್ಕೆ ದಾರಿಯಾಗುತ್ತದೆ.

8. ತುರ್ತು ದೂರವಾಣಿ ಸಂಖ್ಯೆಗಳು

ಪೊಲೀಸ್, ಅಗ್ನಿಶಾಮಕ ಹಾಗೂ ಎಲ್ಲ ತುರ್ತು ನೆರವು: 112
ಆಂಬುಲೆನ್ಸ್: 108
ರಾಷ್ಟ್ರೀಯ ಹೆದ್ದಾರಿ ಸಹಾಯವಾಣಿ: 1033