ಕತ್ತಿ ಮಸೆಯುವ ಕ್ರಮ ಮತ್ತು ಅಂಚಿನ ಕೋನದ ಆಯ್ಕೆ

ಉಡುಪಿ, ಕಾಪು, ಕಾರ್ಕಳ ಪರಿಸರದ ಕೃಷಿಕರ ಮನೆಗಳಲ್ಲಿ ಒಂದೇ ಕತ್ತಿಯಿಂದ ಎಲ್ಲ ಕೆಲಸವೂ ನಡೆಯುವುದಿಲ್ಲ. ಅಡುಗೆಮನೆಗೆ ಮೆಟ್ಟುಕತ್ತಿ, ತೋಟಕ್ಕೆ ಕೈಕತ್ತಿ, ಗದ್ದೆಗೆ ಹಲ್ಲುಳ್ಳ ಕುಡುಗೋಲು, ಕಳ್ಳು ಇಳಿಸುವ ಮೂರ್ತೆದಾರರಿಗೆ ತೆಳು ಅಂಚಿನ ಕತ್ತಿ ಎಂಬ ವಿಂಗಡಣೆ ಹಿಂದಿನಿಂದಲೂ ಇದೆ. ಆಕಾರದಂತೆಯೇ ಇವುಗಳ ಅಂಚಿನ ಕೋನವೂ ಬೇರೆ ಬೇರೆ. ಎಲ್ಲವನ್ನೂ ಒಂದೇ ರೀತಿಯಲ್ಲಿ ಮಸೆದರೆ ಕೆಲವು ಬೇಗ ಮೊಂಡಾಗುತ್ತವೆ, ಕೆಲವು ಚಕ್ಕೆ ಏಳುತ್ತವೆ.

ಹರಿತವಾದ ಕತ್ತಿಗಿಂತ ಮೊಂಡು ಕತ್ತಿಯೇ ಹೆಚ್ಚು ಅಪಾಯಕಾರಿ. ಮೊಂಡು ಅಲಗಿಗೆ ಹೆಚ್ಚು ಬಲ ಬೇಕು. ಬಲ ಹೆಚ್ಚಿದಂತೆ ಕತ್ತಿ ಜಾರುವ ಸಂಭವವೂ ಹೆಚ್ಚುತ್ತದೆ. ತೆಂಗಿನ ಮರದ ತುದಿಯಲ್ಲಿ ಕುಳಿತು ಒಂದೇ ಕೈಯಿಂದ ಕೆಲಸ ಮಾಡುವವನಿಗೆ ಇದು ಜೀವದ ಪ್ರಶ್ನೆಯಾಗಿದೆ.

ಕೋನವೆಂದರೇನು?

ಅಲಗಿನ ಒಂದು ಬದಿ ಮಸೆಗಲ್ಲಿನೊಂದಿಗೆ ಮಾಡುವ ಓರೆಯೇ ಅಂಚಿನ ಕೋನ. ಎರಡೂ ಬದಿಗಳನ್ನು 20 ಡಿಗ್ರಿಯಲ್ಲಿ ಮಸೆದರೆ ಅಂಚಿನ ಒಟ್ಟು ಕೋನ 40 ಡಿಗ್ರಿ ಆಗುತ್ತದೆ. ಕೋನ ಕಿರಿದಾದಷ್ಟು ಅಂಚು ತೆಳುವಾಗಿ ಸುಲಭವಾಗಿ ಕೊಯ್ಯುತ್ತದೆ, ಆದರೆ ಗಟ್ಟಿ ವಸ್ತು ತಗಲಿದರೆ ಮಡಚಿಕೊಳ್ಳುತ್ತದೆ. ಕೋನ ಹಿರಿದಾದಷ್ಟು ಅಂಚು ಬಾಳಿಕೆ ಬರುತ್ತದೆ, ಆದರೆ ಕೊಯ್ಯಲು ಹೆಚ್ಚು ಬಲ ಬೇಕಾಗುತ್ತದೆ.

ಬೇಟೆಗೆ ಅನುಮತಿಯಿರುವ ದೇಶಗಳಲ್ಲಿ ಬಾಣದ ಅಲಗನ್ನು ಮಸೆಯುವವರೂ ಇದೇ ಲೆಕ್ಕ ಹಾಕುತ್ತಾರೆ. ಎಲುಬು ತಗಲಿದರೂ ಅಂಚು ಮಡಚದಂತೆ ಕೋನವನ್ನು ತುಸು ಹಿರಿದಾಗಿ ಇಡುತ್ತಾರೆ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ವನ್ಯಪ್ರಾಣಿಗಳ ಬೇಟೆಯನ್ನು ನಿಷೇಧಿಸಿದೆ. ಇಲ್ಲಿ ಈ ತಿಳಿವಳಿಕೆಯ ಉಪಯೋಗವಿರುವುದು ಅಡುಗೆಮನೆ ಮತ್ತು ತೋಟದಲ್ಲಿ.

ಯಾವುದಕ್ಕೆ ಎಷ್ಟು?

ಮೂರ್ತೆ ಕತ್ತಿ: ಸುಮಾರು 12ರಿಂದ 15 ಡಿಗ್ರಿ. ಹೊಂಬಾಳೆಯ ತುದಿಯನ್ನು ದಿನವೂ ತೆಳ್ಳಗೆ ಹೆರೆಯಬೇಕಾಗುತ್ತದೆ. ಮೊಂಡು ಅಂಚು ಅಂಗಾಂಶವನ್ನು ಜಜ್ಜಿದರೆ ರಸದ ಹರಿವು ಕುಗ್ಗುತ್ತದೆ; ಅಂದಿನ ಸಂಪಾದನೆಗೂ ಪೆಟ್ಟು ಬೀಳುತ್ತದೆ.

ಮೆಟ್ಟುಕತ್ತಿ: 15ರಿಂದ 18 ಡಿಗ್ರಿ. ಮಟ್ಟುಗುಳ್ಳ, ಸೌತೆ, ಹರಿವೆಯಂತಹ ಮೃದು ತರಕಾರಿಗಳಿಗೆ ಇದು ಸಾಕು. ಮೀನು ಕೊಯ್ಯುವ ಕತ್ತಿಗೆ ಮುಳ್ಳು ತಗಲುವುದರಿಂದ 20 ಡಿಗ್ರಿ ಒಳ್ಳೆಯದು.

ಸ್ಟೀಲ್ ಚಾಕು: 15ರಿಂದ 20 ಡಿಗ್ರಿ. ಮಣಿಪಾಲದ ವಸತಿ ಸಮುಚ್ಚಯಗಳಲ್ಲಿ ಮೆಟ್ಟುಕತ್ತಿಯ ಸ್ಥಾನವನ್ನು ಹೆಚ್ಚಾಗಿ ಇದೇ ಪಡೆದಿದೆ.

ಕೈಕತ್ತಿ: 25ರಿಂದ 30 ಡಿಗ್ರಿ. ತೆಂಗಿನ ಮಡಲು, ಕಟ್ಟಿಗೆ, ಬಿದಿರನ್ನು ಕಡಿಯುವಾಗ ಅಂಚಿಗೆ ಹೊಡೆತ ಬೀಳುವುದರಿಂದ ತೆಳು ಅಂಚು ನಿಲ್ಲುವುದಿಲ್ಲ.

ಹಲ್ಲುಳ್ಳ ಕುಡುಗೋಲನ್ನು ಕಲ್ಲಿನ ಮೇಲೆ ಉಜ್ಜಬಾರದು, ಹಲ್ಲು ಸವೆಯುತ್ತದೆ. ಕಮ್ಮಾರರಿಂದ ಅರ ಹಾಕಿಸುವುದೇ ಸರಿ.

ಕೋನವನ್ನು ಅಳೆಯುವುದು

ಉಪಕರಣವಿಲ್ಲದೆಯೂ ಕೋನವನ್ನು ಅಂದಾಜಿಸಬಹುದು. ಅಂಚಿನಿಂದ ಬೆನ್ನಿನವರೆಗಿನ ಅಗಲ 4 ಸೆಂ.ಮೀ. ಎಂದಿಟ್ಟುಕೊಂಡರೆ, ಬೆನ್ನನ್ನು ಕಲ್ಲಿನಿಂದ 1 ಸೆಂ.ಮೀ. ಎತ್ತಿದಾಗ ಸುಮಾರು 15 ಡಿಗ್ರಿ, 1.3 ಸೆಂ.ಮೀ. ಎತ್ತಿದಾಗ ಸುಮಾರು 20 ಡಿಗ್ರಿ, 2 ಸೆಂ.ಮೀ. ಎತ್ತಿದಾಗ 30 ಡಿಗ್ರಿ ದೊರೆಯುತ್ತದೆ. ಅರ್ಥಾತ್ ಅಗಲದ ಕಾಲು ಭಾಗ, ಮೂರನೇ ಒಂದು ಭಾಗ, ಅರ್ಧ ಭಾಗ ಎಂದು ನೆನಪಿಟ್ಟುಕೊಂಡರೆ ಸಾಕು.

ಮಸೆಯುವ ವಿಧಾನ

ಹಳೆಯ ಮನೆಗಳ ಬಾವಿಕಟ್ಟೆಯ ಬಳಿ ನುಣುಪಾದ ಕರಿಗಲ್ಲಿನ ತುಂಡೊಂದು ಮಸೆಗಲ್ಲಾಗಿ ಇರುತ್ತಿತ್ತು. ಕರಾವಳಿಯಲ್ಲಿ ಹೇರಳವಾಗಿರುವ ಮುರಕಲ್ಲು ಇದಕ್ಕೆ ಹೊಂದುವುದಿಲ್ಲ. ಅದು ರಂಧ್ರಮಯವಾಗಿದ್ದು ಪುಡಿಯಾಗುತ್ತದೆ. ಅಂಗಡಿಗಳಲ್ಲಿ ಸಿಗುವ ಕಾರ್ಬೊರಂಡಮ್ ಕಲ್ಲಿನಲ್ಲಿ ಒಂದು ಬದಿ ಒರಟು, ಇನ್ನೊಂದು ನುಣುಪು ಇರುತ್ತದೆ.

ಕಲ್ಲನ್ನು ನೀರಿನಿಂದ ಒದ್ದೆ ಮಾಡಿ, ಅಲುಗಾಡದಂತೆ ಒದ್ದೆ ಗೋಣಿಯ ಮೇಲೆ ಇಡಬೇಕು. ಮೊದಲು ಒರಟು ಬದಿಯಲ್ಲಿ ಒಂದೇ ಕೋನದಲ್ಲಿ ಉಜ್ಜಬೇಕು. ಎದುರು ಬದಿಯ ಅಂಚಿನ ಉದ್ದಕ್ಕೂ ಲೋಹದ ಸಣ್ಣ ಏಣು ಎದ್ದಿತೆಂದರೆ ಆ ಬದಿ ಮುಗಿದಂತೆ. ಬಳಿಕ ಇನ್ನೊಂದು ಬದಿ. ಕೊನೆಗೆ ನುಣುಪು ಕಲ್ಲಿನ ಮೇಲೆ ಹಗುರವಾಗಿ, ಬದಿ ಬದಲಿಸುತ್ತ ಎಳೆದು ಏಣನ್ನು ತೆಗೆಯಬೇಕು. ಮೆಟ್ಟುಕತ್ತಿಯಲ್ಲಿ ಅಲಗು ಮಣೆಗೆ ಸ್ಥಿರವಾಗಿರುವುದರಿಂದ ಕಲ್ಲನ್ನೇ ಕೈಯಲ್ಲಿ ಹಿಡಿದು ಮಸೆಯಬೇಕಾಗುತ್ತದೆ. ಆಗ ಬೆರಳುಗಳು ಕಲ್ಲಿನ ಅಂಚಿನಿಂದ ಹೊರಚಾಚದಂತೆ ನೋಡಿಕೊಳ್ಳಬೇಕು.

ಹರಿತವನ್ನು ಹೆಬ್ಬೆರಳಿನಿಂದ ಪರೀಕ್ಷಿಸುವ ಅಭ್ಯಾಸ ಒಳ್ಳೆಯದಲ್ಲ. ಬಾಳೆಎಲೆಯ ತುಂಡೊಂದನ್ನು ಹಿಡಿದು ಕೊಯ್ದರೆ, ಹರಿಯದೆ ನೇರವಾಗಿ ತುಂಡಾಗಬೇಕು.

ಯಂತ್ರದ ಸಾಣೆ: ಎಚ್ಚರಿಕೆ

ಸ್ಥಳೀಯ ಕುಲುಮೆಗಳಲ್ಲಿ ಅನೇಕ ಕತ್ತಿಗಳು ವಾಹನಗಳ ಹಳೆಯ ಲೀಫ್ ಸ್ಪ್ರಿಂಗ್ ಪಟ್ಟಿಯಿಂದ ತಯಾರಾಗುತ್ತವೆ. ಕಮ್ಮಾರನು ಕಾಯಿಸಿ, ತಣಿಸಿ ಕೊಟ್ಟ ಹದವೇ ಅದರ ಜೀವಾಳ. ವೇಗವಾಗಿ ತಿರುಗುವ ಸಾಣೆಯಲ್ಲಿ ಅಂಚು ಬಿಸಿಯೇರಿ ನೀಲಿ ಬಣ್ಣಕ್ಕೆ ತಿರುಗಿದರೆ ಹದ ಹೋಯಿತೆಂದೇ ಅರ್ಥ. ಅಂಥ ಕತ್ತಿ ಎಷ್ಟು ಮಸೆದರೂ ಮತ್ತೆ ಬೇಗನೆ ಮೊಂಡಾಗುತ್ತದೆ. ಸಾಣೆ ಹಿಡಿಸುವಾಗ ಆಗಾಗ ನೀರಿನಲ್ಲಿ ಅದ್ದುವಂತೆ ಹೇಳಬೇಕು.

ಮಳೆಗಾಲದ ಆರೈಕೆ

ವರ್ಷಕ್ಕೆ 4,000 ಮಿ.ಮೀ.ಗೂ ಮಿಕ್ಕಿ ಮಳೆ ಬೀಳುವ ಈ ಜಿಲ್ಲೆಯಲ್ಲಿ, ಅದರಲ್ಲೂ ಉಪ್ಪುಗಾಳಿ ಬೀಸುವ ಕಾಪು, ಮಲ್ಪೆಯ ಕಡಲಂಚಿನಲ್ಲಿ, ಕಬ್ಬಿಣಕ್ಕೆ ತುಕ್ಕು ಬೇಗ ಹಿಡಿಯುತ್ತದೆ. ಬಳಸಿದ ಬಳಿಕ ಒರೆಸಿ ತೆಂಗಿನೆಣ್ಣೆ ಸವರಿಡಬೇಕು. ಹಲಸು ಕೊಯ್ಯುವ ಮುನ್ನವೂ ಎಣ್ಣೆ ಸವರಿದರೆ ಮೇಣ ಅಂಟುವುದಿಲ್ಲ. ತುಕ್ಕು ಅಥವಾ ಮಣ್ಣು ತಗಲಿದ ಕತ್ತಿಯಿಂದ ಗಾಯವಾದರೆ ಕೂಡಲೇ ಸಾಬೂನು ನೀರಿನಿಂದ ತೊಳೆದು, ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕಾಣಬೇಕು.

ಮಳೆ ಇಳಿದ ಮೇಲೆ ಬರುವ ನವರಾತ್ರಿಯ ಆಯುಧಪೂಜೆಗೆ ಮನೆಯ ಕತ್ತಿಗಳೆಲ್ಲ ಹೊರಬರುತ್ತವೆ. ಕುಂಕುಮ ಹಚ್ಚುವ ಮೊದಲು ಹಿಡಿ ಸಡಿಲವಾಗಿದೆಯೇ, ಅಂಚು ಸವೆದಿದೆಯೇ ಎಂದು ಪರೀಕ್ಷಿಸಲು ಅದಕ್ಕಿಂತ ಸೂಕ್ತ ಸಮಯ ಇನ್ನೊಂದಿಲ್ಲ.