ಮಧುಮೇಹದ ಶಸ್ತ್ರಚಿಕಿತ್ಸೆಯ ಇತಿಹಾಸ

ಮೇದೋಜೀರಕ ಗ್ರಂಥಿಯ ಕಸಿಯಿಂದಾಗಲಿ, ಜಠರ ಮತ್ತು ಸಣ್ಣ ಕರುಳಿನ ರಚನೆಯನ್ನು ಬದಲಿಸುವುದರಿಂದಾಗಲಿ ರಕ್ತದ ಸಕ್ಕರೆಯನ್ನು ಹತೋಟಿಗೆ ತರುವ ಕ್ರಮಗಳನ್ನು ಮಧುಮೇಹದ ಶಸ್ತ್ರಚಿಕಿತ್ಸೆ ಎನ್ನಲಾಗುತ್ತದೆ. ಮೊದಲನೆಯದು ವೈದ್ಯರು ಉದ್ದೇಶಪೂರ್ವಕವಾಗಿ ಹುಡುಕಿದ ದಾರಿ. ಎರಡನೆಯದು ಬೇರೆ ಕಾಯಿಲೆಗೆ ಶಸ್ತ್ರಕ್ರಿಯೆ ಮಾಡುತ್ತಿದ್ದವರಿಗೆ ಅಕಸ್ಮಾತ್ತಾಗಿ ಕಂಡದ್ದು, ಆದರೂ ಹೆಚ್ಚು ರೋಗಿಗಳಿಗೆ ಒದಗಿಬಂದದ್ದು ಅದೇ.

1889ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಮಿಂಕೋವ್‌ಸ್ಕಿ ಮತ್ತು ಫಾನ್ ಮೆರಿಂಗ್ ಮೇದೋಜೀರಕ ತೆಗೆದ ನಾಯಿಗೆ ತೀವ್ರ ಮಧುಮೇಹ ಬರುವುದನ್ನು ತೋರಿಸಿದ ಮೇಲೆ, ಆ ಗ್ರಂಥಿಯನ್ನು ಕಸಿ ಮಾಡುವ ಯೋಚನೆ ಹುಟ್ಟಿತು. 1893ರಲ್ಲಿ ಬ್ರಿಸ್ಟಲ್‌ನ ವಾಟ್ಸನ್ ವಿಲಿಯಮ್ಸ್ ಕುರಿಯ ಗ್ರಂಥಿಯ ಚೂರುಗಳನ್ನು ಬಾಲಕನೊಬ್ಬನ ಚರ್ಮದಡಿ ಇರಿಸಿದರೂ ಆತ ಕೆಲವೇ ದಿನಗಳಲ್ಲಿ ತೀರಿಕೊಂಡ. 1966ರಲ್ಲಿ ಮಿನೆಸೋಟದ ಕೆಲ್ಲಿ ಮತ್ತು ಲಿಲೆಹೈ ಮಾನವ ಮೇದೋಜೀರಕದ ಮೊದಲ ಕಸಿ ನಡೆಸಿದರು. 2000ದಲ್ಲಿ ಕೆನಡಾದ ಎಡ್ಮಂಟನ್ ತಂಡ, ಇನ್ಸುಲಿನ್ ಸ್ರವಿಸುವ ಜೀವಕೋಶಗಳ ಗುಂಪುಗಳನ್ನು, ಅಂದರೆ ಲ್ಯಾಂಗರ್‌ಹಾನ್ಸ್ ದ್ವೀಪಗಳನ್ನು, ಯಕೃತ್ತಿನ ರಕ್ತನಾಳಕ್ಕೆ ಸೇರಿಸಿ ಏಳು ರೋಗಿಗಳನ್ನು ಇನ್ಸುಲಿನ್ ಚುಚ್ಚುಮದ್ದಿನಿಂದ ಬಿಡಿಸಿತು. ಐದು ವರ್ಷಗಳಲ್ಲಿ ಆ ಫಲ ಬಹುತೇಕರಲ್ಲಿ ಉಳಿಯಲಿಲ್ಲ. ದಾನಿಗಳ ಕೊರತೆ ಮತ್ತು ಜೀವನಪೂರ್ತಿ ನುಂಗಬೇಕಾದ ಪ್ರತಿರೋಧ ತಗ್ಗಿಸುವ ಔಷಧಗಳಿಂದಾಗಿ ಈ ದಾರಿ ಇಂದಿಗೂ ಕಿರಿದಾಗಿಯೇ ಇದೆ.

ಎರಡನೆಯ ದಾರಿಯ ಸುಳಿವು ಜಠರದ ಶಸ್ತ್ರಕ್ರಿಯೆಗಳಿಂದ ಬಂತು. ಜಠರದ ಹೆಚ್ಚಿನ ಭಾಗವನ್ನು ತೆಗೆಸಿಕೊಂಡ ಕೆಲವರ ಮಧುಮೇಹ ಸುಧಾರಿಸಿದ್ದನ್ನು 1955ರಲ್ಲಿ ಫ್ರೀಡ್‌ಮನ್ ಮತ್ತು ಸಹವೈದ್ಯರು ವರದಿ ಮಾಡಿದರೂ ಅದು ಹೆಚ್ಚು ಗಮನ ಸೆಳೆಯಲಿಲ್ಲ. 1966ರಲ್ಲಿ ಅಯೋವಾದ ಎಡ್ವರ್ಡ್ ಮೇಸನ್ ಬೊಜ್ಜು ಇಳಿಸಲೆಂದು ಗ್ಯಾಸ್ಟ್ರಿಕ್ ಬೈಪಾಸ್ ಆರಂಭಿಸಿದರು. ಜಠರವನ್ನು ಪುಟ್ಟ ಚೀಲವಾಗಿಸಿ, ಆಹಾರ ಕರುಳಿನ ಮೊದಲ ಭಾಗವನ್ನು ಬಿಟ್ಟು ಮುಂದೆ ಸಾಗುವಂತೆ ಜೋಡಿಸುವುದು ಇದರ ಕ್ರಮ. ಇಂಥ ಶಸ್ತ್ರಕ್ರಿಯೆ ಮಾಡಿಸಿಕೊಂಡವರನ್ನು ದೀರ್ಘಕಾಲ ಗಮನಿಸಿದ ವಾಲ್ಟರ್ ಪೋರೀಸ್, 146 ಮಧುಮೇಹಿಗಳಲ್ಲಿ 121 ಜನರ ಸಕ್ಕರೆ ಸಹಜ ಮಟ್ಟದಲ್ಲಿ ಉಳಿದಿದೆಯೆಂದು 1995ರಲ್ಲಿ ಪ್ರಕಟಿಸಿದಾಗ, ಅವರ ಲೇಖನದ ಶೀರ್ಷಿಕೆಯಲ್ಲೇ ಬೆರಗು ಇಣುಕುತ್ತಿತ್ತು. ತೂಕ ಇಳಿಯುವ ಮೊದಲೇ, ಕೆಲವೇ ದಿನಗಳಲ್ಲಿ, ಸಕ್ಕರೆ ತಗ್ಗುತ್ತಿದ್ದುದು ಇನ್ನೂ ದೊಡ್ಡ ಒಗಟಾಗಿತ್ತು. ಬೊಜ್ಜಿಲ್ಲದ ಮಧುಮೇಹಿ ಇಲಿಗಳಲ್ಲೂ ಬೈಪಾಸ್ ಫಲಿಸುವುದನ್ನು ಫ್ರಾನ್ಸೆಸ್ಕೊ ರುಬಿನೊ 2004ರಲ್ಲಿ ತೋರಿಸಿದ ಮೇಲೆ, ಕರುಳೂ ಹಾರ್ಮೋನುಗಳ ಮೂಲಕ ಸಕ್ಕರೆಯನ್ನು ಆಳುವ ಅಂಗವೆಂಬ ಅರಿವು ಗಟ್ಟಿಯಾಯಿತು.

2016ರ ಅಂತಾರಾಷ್ಟ್ರೀಯ ಮಾರ್ಗಸೂಚಿ ಈ ಶಸ್ತ್ರಚಿಕಿತ್ಸೆಯನ್ನು ಎರಡನೆಯ ಬಗೆಯ ಮಧುಮೇಹದ ಚಿಕಿತ್ಸಾಕ್ರಮಗಳಲ್ಲಿ ಸೇರಿಸಿತು. ಏಷ್ಯಾದವರಿಗೆ ಕಡಿಮೆ ತೂಕದಲ್ಲೇ ರೋಗ ಬರುವುದರಿಂದ, ಔಷಧಕ್ಕೆ ಬಗ್ಗದ ಮಧುಮೇಹದಲ್ಲಿ, ಎತ್ತರಕ್ಕೆ ತಕ್ಕ ತೂಕವನ್ನು ಅಳೆಯುವ ಬಿಎಂಐ 27.5 ಇದ್ದರೂ ಇದನ್ನು ಪರಿಗಣಿಸಬಹುದೆಂದು ಅದು ಹೇಳುತ್ತದೆ.  ಆದರೆ 150 ರೋಗಿಗಳ ಅಮೆರಿಕದ ಅಧ್ಯಯನವೊಂದರಲ್ಲಿ ಐದು ವರ್ಷಗಳ ಬಳಿಕ ಸಕ್ಕರೆ ಗುರಿಯ ಮಟ್ಟದಲ್ಲಿ ಉಳಿದವರು ಬೈಪಾಸ್ ಆದವರಲ್ಲಿ ಶೇಕಡ 29, ಔಷಧ ಮಾತ್ರ ಪಡೆದವರಲ್ಲಿ ಶೇಕಡ 5 ಎಂಬುದನ್ನು ನೋಡಿದರೆ, ಇದನ್ನು ಗುಣವೆನ್ನುವುದಕ್ಕಿಂತ ಉಪಶಮನವೆನ್ನುವುದೇ ಸರಿ.

ಶಸ್ತ್ರಕ್ರಿಯೆಯ ಬಳಿಕ ರೋಗಿಗಳು ತಿನ್ನುವುದೇ ಅಲ್ಪವಾದ್ದರಿಂದ, ಅದರ ಫಲದಲ್ಲಿ ಉಪವಾಸದ ಪಾಲೆಷ್ಟು ಎಂಬ ಪ್ರಶ್ನೆಯೂ ಎದ್ದಿತು. ನ್ಯೂಕಾಸಲ್‌ನ ರಾಯ್ ಟೇಲರ್ 2011ರಲ್ಲಿ ದಿನಕ್ಕೆ ಸುಮಾರು 600 ಕ್ಯಾಲರಿಯ ಎಂಟು ವಾರಗಳ ಆಹಾರದಿಂದಲೇ ರೋಗಿಗಳ ಸಕ್ಕರೆ ಸಹಜಕ್ಕೆ ಬಂದುದನ್ನು ತೋರಿಸಿದರು.  ಕಟ್ಟುನಿಟ್ಟಿನ ಆಹಾರವನ್ನು ವರ್ಷಗಟ್ಟಲೆ ಪಾಲಿಸುವುದು ಮಾತ್ರ ಹೆಚ್ಚಿನವರಿಗೆ ಕಠಿಣ. ಬೈಪಾಸ್ ಆದವರಿಗೂ ಕಬ್ಬಿಣಾಂಶ, ಬಿ12 ಜೀವಸತ್ವಗಳ ಪೂರೈಕೆ ಮತ್ತು ರಕ್ತಪರೀಕ್ಷೆ ಜೀವನಪೂರ್ತಿ ಬೇಕಾಗಿದ್ದು, ಅದರ ಹೊಣೆ ಕೊನೆಗೆ ಊರಿನ ವೈದ್ಯರ ಮೇಲೆಯೇ ಬೀಳುತ್ತದೆ.